ಹುಲ್ಲಿನ ಬೇರಿಗೂ ಬೆಲೆ ಬಂದಾಗ

ಉತ್ತರ ಕೆನ್ಯಾದ ಒಣ ಬಯಲು ಬೊರಾನಾ, ಸಂಬುರು, ರೆಂಡಿಲೆ ದನಗಾಹಿಗಳ ನೆಲ. ಅಲ್ಲಿ ದನ, ಒಂಟೆಗಳ ಜೊತೆಗೆ ಮಣ್ಣಿನೊಳಗಿನ ಇಂಗಾಲವೂ ಮಾರಾಟಕ್ಕೆ ಬಂತು. ಸುಮಾರು 19 ಲಕ್ಷ ಹೆಕ್ಟೇರ್ ಹುಲ್ಲುಗಾವಲಿನಲ್ಲಿ 2013ರಿಂದ ಈಚೆಗೆ ಸೇರಿದ ಇಂಗಾಲವನ್ನು ಲೆಕ್ಕ ಹಾಕಿ, ಕಾರ್ಬನ್ ಕ್ರೆಡಿಟ್ ಮಾಡಿ ಮಾರುವ ಯೋಜನೆಯಿದು. ನಡೆಸುತ್ತಿರುವುದು ನಾರ್ದರ್ನ್ ರೇಂಜ್‌ಲ್ಯಾಂಡ್ಸ್ ಟ್ರಸ್ಟ್, ಮಾನ್ಯತೆ ಕೊಟ್ಟದ್ದು ವೆರಾ ಸಂಸ್ಥೆ. ತಾವು ಗಾಳಿಗೆ ಬಿಡುವ ಇಂಗಾಲಕ್ಕೆ ಸರಿದೂಗಿಸಲು ಕ್ರೆಡಿಟ್ ಕೊಂಡವರಲ್ಲಿ ನೆಟ್‌ಫ್ಲಿಕ್ಸ್, ಮೆಟಾ ಕಂಪನಿಗಳೂ ಇವೆ.

ಹುಲ್ಲು ಗಾಳಿಯಿಂದ ಹೀರಿದ ಇಂಗಾಲದಲ್ಲಿ ಒಂದು ಪಾಲು ಬೇರಿಗೆ ಇಳಿಯುತ್ತದೆ. ಬೇರು ಸತ್ತು ಕೊಳೆತಾಗ ಅದರಲ್ಲಿ ಕೊಂಚ ಮಣ್ಣಿನಲ್ಲೇ ಉಳಿಯುತ್ತದೆ. ಚಿಗುರಿದ್ದನ್ನು ಚಿಗುರಿದ ಹಾಗೇ ದನ ಮೇಯುತ್ತಿದ್ದರೆ ಬೇರು ಸೊರಗಿ, ನೆಲ ಬೋಳಾಗಿ, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಅದಕ್ಕೇ ಯೋಜನೆ ಹೊಸ ಕ್ರಮ ತಂದಿತು: ಹಲವರ ಹಿಂಡುಗಳನ್ನು ಒಟ್ಟುಗೂಡಿಸಿ ಒಂದು ತಾಕಿನಲ್ಲಿ ಕೆಲಕಾಲ ಮೇಯಿಸುವುದು, ಆಮೇಲೆ ಆ ತಾಕಿಗೆ ಬಿಡುವು ಕೊಡುವುದು. ಗಟ್ಟಿಕಟ್ಟಿದ ಮೇಲ್ಪದರವನ್ನು ಗೊರಸು ಒಡೆಯುತ್ತದೆ, ಸಗಣಿಯೂ ಬೀಜವೂ ತುಳಿತಕ್ಕೆ ಮಣ್ಣು ಸೇರುತ್ತವೆ, ಮಳೆ ಬಿದ್ದಾಗ ಹುಲ್ಲು ಮತ್ತೆ ಏಳುತ್ತದೆ ಎಂಬುದು ಎಣಿಕೆ.

ನೆಲಕ್ಕೆ ಬಿಡುವು ಕೊಡುವುದನ್ನು ಬೊರಾನಾ ಜನರಿಗೆ ಯಾರೂ ಕಲಿಸಬೇಕಿರಲಿಲ್ಲ. ಅವರಲ್ಲಿ ಮಳೆಗಾಲದ ಮೇವಿನ ನೆಲ ಬೇರೆ, ಬೇಸಗೆಯದು ಬೇರೆ. ಬರಕ್ಕೆಂದು ಕಾಯ್ದಿಡುವುದು ಇನ್ನೊಂದು. ಯಾವ ಹಿಂಡು ಎತ್ತ ಹೋಗಬೇಕು, ಯಾವ ನೀರು ಯಾರಿಗೆ ಎಂದು ‘ದೇಢಾ’ ಎಂಬ ಹಿರಿಯರ ವ್ಯವಸ್ಥೆ ತೀರ್ಮಾನಿಸುತ್ತದೆ. ಮಳೆ ಎಲ್ಲಿ ಬಿತ್ತೋ ಅಲ್ಲಿಗೆ ದನ ಹೊಡೆದುಕೊಂಡು ಹೋಗುವವರಿಗೆ ತಾಕಿನ ವೇಳಾಪಟ್ಟಿ ಒಗ್ಗುವುದು ಕಷ್ಟ.

ಮೂಲನಿವಾಸಿಗಳ ಹಕ್ಕಿಗಾಗಿ ದುಡಿಯುವ ಸರ್ವೈವಲ್ ಇಂಟರ್‌ನ್ಯಾಷನಲ್ ಸಂಘಟನೆ 2023ರ ವರದಿಯಲ್ಲಿ ಇದನ್ನೇ ಎತ್ತಿ ತೋರಿಸಿತು. ಉಪಗ್ರಹ ಚಿತ್ರದ ಹಸಿರು ನೋಡಿ ಮಣ್ಣಿನ ಇಂಗಾಲ ಅಳೆದದ್ದನ್ನೂ, ಜನರ ಒಪ್ಪಿಗೆ ಪಡೆದ ರೀತಿಯನ್ನೂ ಪ್ರಶ್ನಿಸಿತು. ಟ್ರಸ್ಟ್ ಆರೋಪಗಳನ್ನು ಅಲ್ಲಗಳೆಯಿತು. 2025ರ ಜನವರಿಯಲ್ಲಿ ಕೆನ್ಯಾದ ಇಸಿಯೊಲೊದ ಪರಿಸರ ಮತ್ತು ಭೂ ನ್ಯಾಯಾಲಯ ತೀರ್ಪು ಕೊಟ್ಟಿತು: ಯೋಜನೆಗೆ ಸೇರಿದ ಬಿಲಿಕೊ ಬುಲೆಸ ಸೇರಿದಂತೆ ಎರಡು ಸಂರಕ್ಷಣಾ ಪ್ರದೇಶಗಳನ್ನು ಸ್ಥಳೀಯರನ್ನು ಸರಿಯಾಗಿ ಕೇಳದೆ, ಕಾನೂನುಬಾಹಿರವಾಗಿ ರಚಿಸಲಾಗಿದೆ.

ಮಣ್ಣಿಗಿಳಿದ ಇಂಗಾಲ ಅಲ್ಲೇ ಇದ್ದೀತೆಂಬ ಖಾತ್ರಿ ಇಲ್ಲ. ಬರ ಬಂದರೆ, ಮೇವಿನ ಕಟ್ಟಳೆ ಮುರಿದುಬಿದ್ದರೆ ಅದು ಗಾಳಿಗೆ ಮರಳಬಹುದು. ವರ್ಷಾನುಗಟ್ಟಲೆ ಅದನ್ನು ಕಾಯಬೇಕಾದವರು ದನಗಾಹಿಗಳೇ. ಅವರು ಒಪ್ಪದ ಕಟ್ಟಳೆಯ ಮೇಲೆ ಬರೆದ ಕ್ರೆಡಿಟ್ ಕೊಂಡವರಿಗೆ ಸಿಗುವುದು ಕಾಗದ ಮಾತ್ರ.