ಕಾಲು ಮೈಲಿಯ ಸಾಕ್ಷಿ

ಅಮೆರಿಕದ ಮೋಟಾರು ಉದ್ಯಮದ ಚರಿತ್ರೆಯಲ್ಲಿ ೧೯೬೪ರಿಂದ ೧೯೭೧ರವರೆಗಿನ ಅವಧಿ ಬಹಳ ಚಿಕ್ಕದು. ಆದರೂ ಆ ಏಳೆಂಟು ವರ್ಷಗಳಲ್ಲಿ ತಯಾರಾದ ಒಂದು ಬಗೆಯ ವಾಹನಗಳನ್ನು ಕುರಿತು ಇಂದಿಗೂ ಪುಸ್ತಕಗಳು ಬರುತ್ತಲೇ ಇವೆ. ಅಲ್ಲಿನವರು ಅವುಗಳಿಗೆ ‘ಮಸಲ್ ಕಾರ್’ ಎಂದು ಹೆಸರಿಟ್ಟರು. ನಮ್ಮ ನುಡಿಯಲ್ಲಿ ಜಟ್ಟಿ ಕಾರು ಎನ್ನಬಹುದೇನೋ. ಅದರ ಸೂತ್ರ ಸರಳವಾದದ್ದು. ಸಂಸಾರಸ್ಥರು ಮಕ್ಕಳುಮರಿಗಳನ್ನು ಕೂರಿಸಿಕೊಂಡು ಓಡಾಡುವ ಮಧ್ಯಮ ಗಾತ್ರದ ಸಾಧಾರಣ ಕಾರು; ಅದರ ಮೂತಿಯೊಳಗೆ ದೊಡ್ಡ ಕಾರಿಗೆಂದು ಮಾಡಿದ ಭಾರಿ ಎಂಜಿನ್ನು; ಬೆಲೆ ಮಾತ್ರ ಆಗತಾನೆ ಕೆಲಸಕ್ಕೆ ಸೇರಿದ ಯುವಕ ಕಂತಿನ ಮೇಲೆ ತೀರಿಸಬಲ್ಲಷ್ಟು. ಈ ಕಾರುಗಳ ಬಲವನ್ನು ಕುರಿತು ತಯಾರಕರು ಅಚ್ಚು ಹಾಕಿಸಿದ ಅಂಕಿಗಳು ಎಷ್ಟು ನಿಜ, ಎಷ್ಟು ಸುಳ್ಳು, ಅದನ್ನು ಪತ್ತೆಹಚ್ಚುವ ದಾರಿ ಯಾವುದು ಎಂಬುದು ಈ ಹೊತ್ತಿನ ವಿಷಯ.

ಮೊದಲು ಆ ದಾರಿಯ ಮಾತು. ಡ್ರ್ಯಾಗ್ ರೇಸ್ ಎಂಬ ಪಂದ್ಯದಲ್ಲಿ ತಿರುವುಗಳಿಲ್ಲ, ಸುತ್ತುಗಳಿಲ್ಲ. ನೇರವಾದ ಸಮತಟ್ಟು ಹಾದಿಯಲ್ಲಿ ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತು, ನಿಂತಲ್ಲಿಂದ ಹೊರಟು, ಕಾಲು ಮೈಲಿ ಓಡುತ್ತವೆ. ಕಾಲು ಮೈಲಿಯೆಂದರೆ ೧,೩೨೦ ಅಡಿ, ಸುಮಾರು ೪೦೨ ಮೀಟರು. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ಹುಡುಗರು ಬೀದಿಗಳಲ್ಲೂ ಪಾಳುಬಿದ್ದ ವಿಮಾನದ ಹಾದಿಗಳಲ್ಲೂ ಆಡುತ್ತಿದ್ದ ಈ ಆಟಕ್ಕೆ ಕಟ್ಟುಪಾಡು ತರಲೆಂದು ವಾಲಿ ಪಾರ್ಕ್ಸ್ ಎಂಬವರು ೧೯೫೧ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ೧೯೫೩ರಲ್ಲಿ ಪೊಮೋನದಲ್ಲಿ ಅದರ ಮೊದಲ ಅಧಿಕೃತ ಪಂದ್ಯ ನಡೆಯಿತು. ೧೯೫೫ರಲ್ಲಿ ಕ್ಯಾನ್ಸಾಸಿನ ಗ್ರೇಟ್ ಬೆಂಡ್ ಎಂಬ ಊರಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ. ಬಾವುಟ ಬೀಸುವವನ ಜಾಗಕ್ಕೆ ೧೯೬೩ರಲ್ಲಿ ದೀಪಗಳ ಕಂಬ ಬಂತು. ಬಣ್ಣಬಣ್ಣದ ದೀಪಗಳು ಒಂದರ ಕೆಳಗೊಂದು ಹತ್ತುವುದರಿಂದ ಅದಕ್ಕೆ ಕ್ರಿಸ್‌ಮಸ್ ಮರವೆಂದೇ ಹೆಸರು.

ಓಟ ಮುಗಿದ ಮೇಲೆ ಓಟಗಾರನ ಕೈಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಮುಖ್ಯವಾದವು ಎರಡು ಅಂಕಿಗಳು: ಕಾಲು ಮೈಲಿಗೆ ಹಿಡಿದ ಸಮಯ, ಮತ್ತು ಕೊನೆಯ ಗೆರೆಯ ಬಳಿ ಕಾರು ಮುಟ್ಟಿದ್ದ ವೇಗ. ಇವೆರಡೂ ಒಂದೇ ಸಂಗತಿಯನ್ನು ಹೇಳುತ್ತವೆಂದು ಹೊರಗಿನವರಿಗೆ ತೋರುತ್ತದೆ. ಹಾಗಲ್ಲ. ಸಮಯ ಬಹುಮಟ್ಟಿಗೆ ಹೊರಡುವ ಗಳಿಗೆಯ ಕಥೆ: ಟೈರು ನೆಲವನ್ನು ಕಚ್ಚಿತೇ, ಜಾರಿ ಹೊಗೆಯೆಬ್ಬಿಸಿತೇ, ಕ್ಲಚ್ಚು ಬಿಟ್ಟ ಕಾಲು ಪಳಗಿದ ಕಾಲೇ? ಕೊನೆಯ ವೇಗವಾದರೋ ಎಂಜಿನ್ನಿನ ಬಲಕ್ಕೂ ವಾಹನದ ತೂಕಕ್ಕೂ ಕಟ್ಟುಬಿದ್ದದ್ದು. ಕೆಟ್ಟದಾಗಿ ಹೊರಟವನು ಸಮಯದಲ್ಲಿ ಅರ್ಧ ಸೆಕೆಂಡು ಕಳೆದುಕೊಂಡರೂ ವೇಗದಲ್ಲಿ ಅಷ್ಟೇನೂ ಕಳೆದುಕೊಳ್ಳುವುದಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಆಗಿನ ಅಮೆರಿಕನ್ ಗ್ರಾಹಕ ಕಾರು ಕೊಳ್ಳುತ್ತಿದ್ದ ರೀತಿ ನಮಗೆ ತೀರ ಅಪರಿಚಿತ. ಅದೇ ವರ್ಷಗಳಲ್ಲಿ ನಮ್ಮಲ್ಲಿ ಅಂಬಾಸಡರ್ ಬೇಕೆಂದವನು ಹೆಸರು ಬರೆಸಿ, ವರ್ಷಗಟ್ಟಲೆ ಕಾದು, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತಿದ್ದ. ಅಲ್ಲಿ ವ್ಯಾಪಾರಿಯ ಮೇಜಿನ ಮೇಲೆ ಉದ್ದನೆಯ ಪಟ್ಟಿಯೊಂದಿರುತ್ತಿತ್ತು. ಎಂಜಿನ್ನು ಯಾವುದು, ಕಾರ್ಬುರೇಟರು ಎಷ್ಟು, ಗೇರು ಮೂರೇ ನಾಲ್ಕೇ ಅಥವಾ ತಾನಾಗಿ ಬದಲಾಗುವಂಥದೇ, ಹಿಂದಿನ ಆಕ್ಸಲ್ಲಿನ ಕ್ರೌನ್‌-ಪಿನಿಯನ್ನುಗಳ ಹಲ್ಲಿನ ಪ್ರಮಾಣವೆಷ್ಟು, ಎಲ್ಲಕ್ಕೂ ಗುರುತು ಹಾಕಿ ಕೊಡಬೇಕು. ಕಾರ್ಖಾನೆ ಹಾಗೆಯೇ ಕಟ್ಟಿಕೊಡುತ್ತಿತ್ತು. ಈ ಆಯ್ಕೆಯ ಪಟ್ಟಿಯೇ ಜಟ್ಟಿ ಕಾರಿನ ಹುಟ್ಟಿಗೆ ಕಾರಣವಾಯಿತೆಂದರೆ ತಪ್ಪಲ್ಲ.

೧೯೬೩ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಅಂಗಸಂಸ್ಥೆಗಳು ಯಾವ ಓಟದ ಪಂದ್ಯಕ್ಕೂ ಕೈಹಾಕಕೂಡದೆಂದು ಆಜ್ಞೆ ಹೊರಡಿಸಿತು. ಮಧ್ಯಮ ಗಾತ್ರದ ಕಾರಿಗೆ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ನು ಹಾಕಬಾರದೆಂಬ ಮಿತಿಯೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರಾದ ಬಿಲ್ ಕಾಲಿನ್ಸ್, ರಸ್ ಗೀ ಒಂದು ಸಂಗತಿಯನ್ನು ಗಮನಿಸಿದರು. ಟೆಂಪೆಸ್ಟ್ ಎಂಬ ತಮ್ಮ ಸಾಧಾರಣ ಕಾರಿನ ೩೨೬ ಘನ ಅಂಗುಲದ ಎಂಜಿನ್ನು ಕೂರುವ ಜಾಗದಲ್ಲಿ ದೊಡ್ಡ ಕಾರಿನ ೩೮೯ ಘನ ಅಂಗುಲದ ಎಂಜಿನ್ನೂ ಏನೊಂದು ಬದಲಾವಣೆಯಿಲ್ಲದೆ ಕೂರುತ್ತದೆ. ೩೮೯ ಎಂದರೆ ಸುಮಾರು ೬.೪ ಲೀಟರು, ನಮ್ಮ ಅಂಬಾಸಡರಿನದು ಒಂದೂವರೆ ಲೀಟರು. ಇನ್ನು ಆಜ್ಞೆಯ ಮಾತು. ಹೊಸ ಕಾರಿಗೆ ಮೇಲಿನವರ ಒಪ್ಪಿಗೆ ಬೇಕು. ಇರುವ ಕಾರಿಗೆ ಒಂದು ಆಯ್ಕೆ ಸೇರಿಸಲು ಬೇಡ. ಹಾಗಾಗಿ ೧೯೬೪ರಲ್ಲಿ ‘ಜಿ.ಟಿ.ಓ.’ ಎಂಬುದು ಕಾರಾಗಿ ಬರಲಿಲ್ಲ, ಆಯ್ಕೆಯ ಪಟ್ಟಿಯಲ್ಲಿ ಮುನ್ನೂರು ಡಾಲರಿಗೆ ತುಸು ಕಡಿಮೆಯ ಒಂದು ಸಾಲಾಗಿ ಬಂತು. ಹೆಸರು ಇಟಲಿಯ ಫೆರಾರಿಯಿಂದ ಎತ್ತಿಕೊಂಡದ್ದು. ಓಟದ ಪಂದ್ಯಕ್ಕೆ ಅಂಗೀಕೃತವಾದ ಕಾರು ಎಂದು ಆ ಹೆಸರಿನ ಅರ್ಥ. ಪಂದ್ಯವನ್ನೇ ನಿಷೇಧಿಸಿದ ಸಂಸ್ಥೆ ಅದನ್ನು ಮಾರಿತು. ಐದು ಸಾವಿರ ಹೋದರೆ ಹೆಚ್ಚು ಎಂದುಕೊಂಡಿದ್ದರು. ಆ ವರ್ಷ ಹೋದದ್ದು ೩೨,೪೫೦.

ಒಂದು ಕಾರ್ಬುರೇಟರಿನ ಜಿ.ಟಿ.ಓ.ಗೆ ೩೨೫ ಅಶ್ವಶಕ್ತಿ, ಮೂರು ಕಾರ್ಬುರೇಟರಿನದಕ್ಕೆ ೩೪೮ ಎಂದು ಅಚ್ಚಾಗಿತ್ತು. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ೧೯೬೪ರ ಮಾರ್ಚಿ ಸಂಚಿಕೆಯ ಮುಖಪುಟದಲ್ಲಿ ಈ ಕಾರನ್ನೂ ಅದೇ ಹೆಸರಿನ ಫೆರಾರಿಯನ್ನೂ ಜೊತೆಯಾಗಿ ಚಿತ್ರಿಸಿತು. ಫೆರಾರಿ ಪರೀಕ್ಷೆಗೆ ಬರಲೇ ಇಲ್ಲ. ಅದು ಬೇರೆ ಮಾತು. ಪಾಂಟಿಯಾಕ್ ನಿಂತಲ್ಲಿಂದ ಗಂಟೆಗೆ ೬೦ ಮೈಲಿ ವೇಗವನ್ನು ೪.೬ ಸೆಕೆಂಡಿನಲ್ಲಿ ಮುಟ್ಟಿತೆಂದೂ, ಕಾಲು ಮೈಲಿಯನ್ನು ೧೩.೧ ಸೆಕೆಂಡಿನಲ್ಲಿ ಕ್ರಮಿಸಿ ಕೊನೆಯಲ್ಲಿ ಗಂಟೆಗೆ ೧೧೫ ಮೈಲಿ ಓಡುತ್ತಿತ್ತೆಂದೂ ವರದಿಯಾಯಿತು. ದೇಶದ ಹುಡುಗರೆಲ್ಲ ಓದಿದರು. ಓದಿ ಕೊಂಡರು.

ಇಲ್ಲಿ ಸ್ವಲ್ಪ ಗಣಿತ ಬೇಕು. ಒಂದು ಎಂಜಿನ್ನು ಒಂದೇ ಬಲದಿಂದ ದುಡಿಯುತ್ತಿದೆಯೆಂದು ಭಾವಿಸಿ. ಕಾರು ವೇಗವಾದಷ್ಟೂ ಅದರಲ್ಲಿ ಕೂಡಿಬೀಳುವ ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಸಾಲದ್ದಕ್ಕೆ, ವೇಗವಾದ ಕಾರು ಕಾಲು ಮೈಲಿಯನ್ನು ಬೇಗ ಮುಗಿಸಿಬಿಡುವುದರಿಂದ ಎಂಜಿನ್ನಿಗೆ ದುಡಿಯಲು ಸಿಗುವ ಹೊತ್ತೂ ಕಡಿಮೆ. ಎರಡೂ ಸೇರಿದರೆ ಬೇಕಾಗುವ ಬಲ ವೇಗದ ಘನದಂತೆ ಏರುತ್ತದೆ. ಕೊನೆಯ ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಬೇಕಾದರೆ ಬಲವನ್ನು ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚಿಸಬೇಕು; ಇಮ್ಮಡಿ ವೇಗಕ್ಕೆ ಎಂಟುಮಡಿ ಬಲ. ರೋಜರ್ ಹಂಟಿಂಗ್ಟನ್ ಎಂಬ ಮೋಟಾರು ಬರಹಗಾರರು ಅನೇಕ ಓಟಗಳ ಚೀಟಿಗಳನ್ನು ನೋಡಿ ಇದಕ್ಕೊಂದು ಬಳಕೆಯ ಸೂತ್ರ ಕೊಟ್ಟರು: ಅಶ್ವಶಕ್ತಿಯನ್ನು ಪೌಂಡಿನಲ್ಲಿರುವ ತೂಕದಿಂದ ಭಾಗಿಸಿ, ಘನಮೂಲ ತೆಗೆದು, ೨೨೫ರಿಂದ ಗುಣಿಸಿದರೆ ಕೊನೆಯ ವೇಗ ಮೈಲಿಯಲ್ಲಿ ಸಿಗುತ್ತದೆ. ಅಂದಾಜಿನ ಸೂತ್ರವೇ ಸರಿ. ಗಾಳಿ, ಗೇರು, ಹವೆ ಎಲ್ಲವೂ ಅದನ್ನು ಅಷ್ಟಿಷ್ಟು ಅಲುಗಿಸುತ್ತವೆ. ಆದರೆ ದೊಡ್ಡ ಸುಳ್ಳನ್ನು ಹಿಡಿಯಲು ಅದು ಸಾಕು.

ಚಾಲಕನೂ ಸೇರಿ ಜಿ.ಟಿ.ಓ. ೩,೫೦೦ ಪೌಂಡು ತೂಗುತ್ತದೆಂದು ಇಟ್ಟುಕೊಳ್ಳೋಣ. ೩೪೮ ಅಶ್ವಶಕ್ತಿಗೆ ಸೂತ್ರ ಕೊಡುವ ವೇಗ ಸುಮಾರು ೧೦೪ ಮೈಲಿ. ಪತ್ರಿಕೆ ಕೊಟ್ಟದ್ದು ೧೧೫. ಹನ್ನೊಂದು ಮೈಲಿ ತಾನೇ ಎನ್ನಬೇಡಿ. ಘನದ ಲೆಕ್ಕದಲ್ಲಿ ೧೧೫ ಮೈಲಿ ಕೇಳುವುದು ಸುಮಾರು ೪೬೫ ಅಶ್ವಶಕ್ತಿ. ನೂರಕ್ಕೂ ಮೀರಿದ ಈ ಕುದುರೆಗಳು ಎಲ್ಲಿಂದ ಬಂದವು? ಉತ್ತರ ಸಿಗಲು ಮೂವತ್ತನಾಲ್ಕು ವರ್ಷ ಬೇಕಾಯಿತು. ಪಾಂಟಿಯಾಕಿನ ಪ್ರಚಾರ ನೋಡಿಕೊಳ್ಳುತ್ತಿದ್ದ ಜಿಮ್ ವ್ಯಾಂಗರ್ಸ್ ೧೯೯೮ರಲ್ಲಿ ಹೊರಬಂದ ತಮ್ಮ ನೆನಪುಗಳ ಪುಸ್ತಕದಲ್ಲಿ, ಪರೀಕ್ಷೆಗೆ ಕಳಿಸಿದ ಎರಡು ಕಾರುಗಳಲ್ಲಿ ಒಂದಕ್ಕೆ ೩೮೯ರ ಬದಲು ೪೨೧ ಘನ ಅಂಗುಲದ ಎಂಜಿನ್ನನ್ನು ಗುಟ್ಟಾಗಿ ಕೂರಿಸಲಾಗಿತ್ತೆಂದು ಹೇಳಿಕೊಂಡರು. ಹೊರಗಿನಿಂದ ಎರಡೂ ಒಂದೇ ತೆರ. ಬಾನೆಟ್ಟು ಎತ್ತಿ ನೋಡಿದರೂ ತಿಳಿಯದದ್ದನ್ನು ಕೊನೆಯ ವೇಗ ಅಂದೇ ಹೇಳಿತ್ತು.

ಇದಕ್ಕೆ ನೇರ ವಿರುದ್ಧವಾದ ಸುಳ್ಳೂ ಇತ್ತು. ನನಗೆ ಅದೇ ಹೆಚ್ಚು ಸ್ವಾರಸ್ಯದ್ದೆನಿಸುತ್ತದೆ. ವ್ಯಾಪಾರಿಯೊಬ್ಬ ತನ್ನ ಸರಕಿನ ಗುಣವನ್ನು ಕಡಿಮೆ ಮಾಡಿ ಹೇಳುವುದು ಲೋಕದಲ್ಲಿ ಅಪರೂಪ. ಆದರೆ ಡೆಟ್ರಾಯಿಟಿನ ಕಂಪನಿಗಳು ೧೯೬೮ರ ಸುಮಾರಿಗೆ ಅದನ್ನೇ ಮಾಡತೊಡಗಿದವು. ಪಂದ್ಯದ ಸಂಘವು ಕಾರ್ಖಾನೆಯ ಕಾರುಗಳನ್ನು ತರಗತಿಗಳಾಗಿ ವಿಂಗಡಿಸುತ್ತಿದ್ದುದು ತೂಕಕ್ಕೂ ಘೋಷಿತ ಅಶ್ವಶಕ್ತಿಗೂ ಇರುವ ಪ್ರಮಾಣದ ಮೇಲೆ. ಘೋಷಿತ ಅಂಕಿ ಕಡಿಮೆಯಾದರೆ ಕಾರು ದುರ್ಬಲರ ತರಗತಿಗೆ ಇಳಿಯುತ್ತದೆ, ಅಲ್ಲಿ ಗೆಲ್ಲುತ್ತದೆ. ಭಾನುವಾರ ಗೆದ್ದ ಕಾರು ಸೋಮವಾರ ಮಾರಾಟವಾಗುತ್ತದೆಂಬುದು ಅವರ ನಂಬಿಕೆ. ಜೊತೆಗೆ ವಿಮಾ ಕಂಪನಿಗಳು ಇಪ್ಪತ್ತೈದು ತುಂಬದ ಚಾಲಕರಿಗೆ ಅಶ್ವಶಕ್ತಿ ನೋಡಿ ದರ ಏರಿಸುತ್ತಿದ್ದವು. ಹೀಗಾಗಿ ಎಂಜಿನ್ನಿನ ಬಲ ಶಿಖರ ಮುಟ್ಟುವ ಮೊದಲೇ ಯಾವುದೋ ಕಡಿಮೆ ಸುತ್ತಿನಲ್ಲಿ ಅಳೆದು, ಅದನ್ನೇ ಬರೆಯುವ ರೂಢಿ ಬಂತು. ಅಂಕಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಫೋರ್ಡ್ ಕಂಪನಿಯ ೪೨೮ ಕೋಬ್ರಾ ಜೆಟ್ ಎಂಜಿನ್ನು ಇದಕ್ಕೆ ಒಳ್ಳೆಯ ನಿದರ್ಶನ. ರೋಡ್ ಐಲೆಂಡಿನ ವ್ಯಾಪಾರಿ ಬಾಬ್ ಟಾಸ್ಕ ತನ್ನ ಅಂಗಡಿಯಲ್ಲೇ ಇದ್ದ ಬಿಡಿಭಾಗಗಳನ್ನು ಕೂಡಿಸಿ ಒಂದು ಮಸ್ಟಾಂಗನ್ನು ಕಟ್ಟಿ, ಇದನ್ನು ನೀವೇಕೆ ಮಾಡಬಾರದೆಂದು ಕಂಪನಿಯನ್ನು ಕೆಣಕಿದ. ಅದರಿಂದ ಹುಟ್ಟಿದ ಎಂಜಿನ್ನು ಇದು. ೧೯೬೮ರ ಫೆಬ್ರವರಿಯಲ್ಲಿ ಪೊಮೋನದಲ್ಲಿ ಆಲ್ ಜೋನಿಯೆಕ್ ಇದರೊಂದಿಗೆ ಸೂಪರ್ ಸ್ಟಾಕ್ ವಿಭಾಗವನ್ನು ಗೆದ್ದುಕೊಂಡ. ಘೋಷಿತ ಬಲ ೩೩೫. ‘ಹಾಟ್ ರಾಡ್’ ಪತ್ರಿಕೆ ಓಡಿಸಿದಾಗ ಬಂದದ್ದು ೧೩.೫೬ ಸೆಕೆಂಡು, ೧೦೬.೬೪ ಮೈಲಿ. ಮತ್ತೆ ೩,೫೦೦ ಪೌಂಡು ಹಿಡಿದರೆ ಸೂತ್ರ ಸುಮಾರು ೩೭೦ ಎನ್ನುತ್ತದೆ. ಪಂದ್ಯದ ಸಂಘದವರೇನು ಲೆಕ್ಕ ಬಾರದವರಲ್ಲ. ತಯಾರಕರ ಅಂಕಿಯನ್ನು ಬದಿಗಿಟ್ಟು ತಮ್ಮದೇ ಅಂಕಿಯನ್ನು ಅಂಟಿಸತೊಡಗಿದರು.

ಕ್ರೈಸ್ಲರಿನ ೪೨೬ ಹೆಮಿಯ ಮಾತಿಲ್ಲದೆ ಈ ಕಥೆ ಪೂರ್ತಿಯಾಗದು. ಹೆಮಿ ಎಂದರೆ ಅರ್ಧಗೋಲ. ದಹನದ ಕೋಣೆ ಬೋರಲು ಹಾಕಿದ ಬಟ್ಟಲಿನಂತೆ ಇರುತ್ತದೆ. ಒಳಗೆ ಬರುವ ಕವಾಟ ಒಂದು ಪಕ್ಕಕ್ಕೆ, ಹೊರಹೋಗುವ ಕವಾಟ ಎದುರು ಪಕ್ಕಕ್ಕೆ, ನಡುವೆ ಸ್ಪಾರ್ಕ್ ಪ್ಲಗ್ಗು. ಕವಾಟಗಳನ್ನು ದೊಡ್ಡದಾಗಿ ಮಾಡಬಹುದು. ಅನಿಲ ತಿರುಗಿ ಬಳಸದೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೋಗುತ್ತದೆ. ೧೯೬೪ರ ಫೆಬ್ರವರಿಯಲ್ಲಿ ಡೇಟೋನದ ಐನೂರು ಮೈಲಿ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳೂ ಇದರದಾದವು. ೧೯೬೬ರಲ್ಲಿ ಬೀದಿಯ ಕಾರಿಗೂ ಬಂತು: ಏಳು ಲೀಟರು, ಎರಡು ದೊಡ್ಡ ಕಾರ್ಬುರೇಟರು, ೪೨೫ ಅಶ್ವಶಕ್ತಿ. ೧೯೬೮ರಲ್ಲಿ ಪ್ಲಿಮತ್ ಹೊರತಂದ ರೋಡ್ ರನ್ನರ್ ಕಾರಿನ ಮೂಲ ಬೆಲೆ ೨,೮೯೬ ಡಾಲರು, ಅದರಲ್ಲಿದ್ದದ್ದು ೩೮೩ ಘನ ಅಂಗುಲದ ೩೩೫ ಅಶ್ವಶಕ್ತಿಯ ಎಂಜಿನ್ನು. ಹೆಮಿ ಬೇಕೆಂದರೆ ಮೇಲೆ ಏಳುನೂರಕ್ಕೂ ಹೆಚ್ಚು ಡಾಲರು, ಎಂದರೆ ಕಾರಿನ ಬೆಲೆಯ ಕಾಲುಭಾಗ. ತೆತ್ತವನಿಗೆ ಸಿಕ್ಕದ್ದು ಬರೀ ಸುಖವಲ್ಲ. ಎಂಟುನೂರು ಪೌಂಡಿಗೂ ಮೀರಿದ ಆ ಕಬ್ಬಿಣದ ರಾಶಿ ಮುಂಗಾಲುಗಳ ಮೇಲೆ ಕೂತು, ಎಳೆಯಬೇಕಾದ ಹಿಂಗಾಲುಗಳನ್ನು ಹಗುರಗೊಳಿಸುತ್ತಿತ್ತು. ಕೆಳಗಿನ ಸುತ್ತುಗಳಲ್ಲಿ ಅದು ತೂಕಡಿಸುವಂಥದು. ಬೀದಿಯ ದೀಪದಿಂದ ದೀಪಕ್ಕೆ ಓಡುವಾಗ ೧೯೬೯ರ ನಡುವೆ ಬಂದ ೪೪೦ರ ಮೂರು ಕಾರ್ಬುರೇಟರಿನ ಎಂಜಿನ್ನು, ಘೋಷಿತ ೩೯೦ ಅಶ್ವಶಕ್ತಿ, ಕಡಿಮೆ ಹಣಕ್ಕೆ ಅದರ ಬೆನ್ನು ಬಿಡುತ್ತಿರಲಿಲ್ಲ.

ಆಕ್ಸಲ್ಲಿನ ಹಲ್ಲಿನ ಪ್ರಮಾಣವೂ ಎಂಜಿನ್ನಿನಷ್ಟೇ ಮುಖ್ಯ. ೩.೨೩ ಎಂದು ಗುರುತು ಹಾಕಿದವನು ದೂರದ ಪ್ರಯಾಣದಲ್ಲಿ ನೆಮ್ಮದಿಯಾಗಿರುತ್ತಿದ್ದ, ೪.೧೦ ಎಂದು ಹಾಕಿದವನು ಕಾಲು ಮೈಲಿಯಲ್ಲಿ ಅವನನ್ನು ಹಿಂದಿಕ್ಕಿ, ಹೆದ್ದಾರಿಯಲ್ಲಿ ಎಂಜಿನ್ನಿನ ಅರಚಾಟವನ್ನು ಸಹಿಸಿಕೊಂಡು ಪೆಟ್ರೋಲು ಸುರಿಯುತ್ತಿದ್ದ. ಎಷ್ಟು ಬಲವಿದ್ದರೂ ಅಂದಿನ ಕಿರಿದಾದ ಟೈರು ಅದನ್ನು ನೆಲಕ್ಕೆ ದಾಟಿಸಲಾರದು. ಚಾಲಕನ ಕೈಗುಣ ಕಾಣುತ್ತಿದ್ದುದು ಇಲ್ಲೇ. ೧೯೬೬ರಲ್ಲಿ ಪೊಮೋನದಲ್ಲಿ ಪ್ಲಿಮತ್ ಓಡಿಸಿ ಗೆದ್ದ ಶರ್ಲಿ ಶಹಾನ್ ಈ ಸಂಘದ ರಾಷ್ಟ್ರೀಯ ಪಂದ್ಯವೊಂದನ್ನು ಗೆದ್ದ ಮೊದಲ ಮಹಿಳೆ. ಇನ್ನು ನಿಲ್ಲಿಸುವ ವಿಷಯ. ಮೊದಲ ಜಿ.ಟಿ.ಓ.ಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕುಗಳು, ಸಂಸಾರಸ್ಥರ ಟೆಂಪೆಸ್ಟಿಗೆ ಇದ್ದಂಥವೇ. ಎಂಜಿನ್ನಿಗೆ ಮೂರು ಕಾರ್ಬುರೇಟರು ಬೇಡಿದ ಹುಡುಗ ಬ್ರೇಕಿನ ಬಗ್ಗೆ ಕೇಳಲಿಲ್ಲ, ಮಾರಿದವರೂ ನೆನಪಿಸಲಿಲ್ಲ. ವಿಮೆಯವರ ಏರಿದ ದರವನ್ನು ಅಂದಿನ ಪತ್ರಿಕೆಗಳು ಜರೆದವು. ನನಗೇನೋ ಆ ಇಡೀ ವ್ಯವಹಾರದಲ್ಲಿ ಅಪಾಯಕ್ಕೆ ಬೆಲೆ ಕಟ್ಟಿದವರು ಅವರೊಬ್ಬರೇ ಎನಿಸುತ್ತದೆ.

ಪಟ್ಟಿಯ ತುತ್ತತುದಿಯನ್ನು ಷೆವ್ರೊಲೆ ೧೯೬೯ರಲ್ಲಿ ಮುಟ್ಟಿತು. ಇಲಿನಾಯ್ ರಾಜ್ಯದ ವ್ಯಾಪಾರಿ ಫ್ರೆಡ್ ಗಿಬ್, ಪಂದ್ಯದ ನಿಯಮಕ್ಕೆ ಬೇಕಾದಷ್ಟು ಸಂಖ್ಯೆಯಾಗಲೆಂದು, ಪೂರ್ತಿ ಅಲ್ಯೂಮಿನಿಯಮ್ಮಿನ ೪೨೭ ಎಂಜಿನ್ನಿನ ಐವತ್ತು ಕಮ್ಯಾರೊಗಳಿಗೆ ಬೇಡಿಕೆ ಸಲ್ಲಿಸಿದ. ಎಂಜಿನ್ನಿನ ಬೆಲೆಯೇ ನಾಲ್ಕು ಸಾವಿರ ಡಾಲರು ದಾಟಿತು. ಕೊಳ್ಳುವವರು ಸಿಗದೆ ಅನೇಕವನ್ನು ಕಂಪನಿಗೇ ಹಿಂದಿರುಗಿಸಬೇಕಾಯಿತು. ಒಟ್ಟು ತಯಾರಾದವು ೬೯. ಅದಕ್ಕೂ ಘೋಷಿತ ಬಲ ೪೩೦ ಅಷ್ಟೆ.

೧೯೭೦ರ ಕೊನೆಯಲ್ಲಿ ವಾಯುಮಾಲಿನ್ಯದ ಕಾಯಿದೆ ಬಂತು. ಸೀಸ ಕಡಿಮೆಯಾದ ಪೆಟ್ರೋಲಿಗೆ ಹೊಂದಲೆಂದು ಜನರಲ್ ಮೋಟಾರ್ಸ್ ೧೯೭೧ರ ಎಂಜಿನ್ನುಗಳ ಸಂಕೋಚನ ಪ್ರಮಾಣವನ್ನು ಇಳಿಸಿತು. ಹೆಮಿ ಆ ವರ್ಷಕ್ಕೇ ಕೊನೆಗೊಂಡಿತು. ಅದೇ ಹೊತ್ತಿಗೆ ಅಳೆಯುವ ಕ್ರಮವೂ ಬದಲಾಯಿತು. ಅದುವರೆಗೆ ಎಂಜಿನ್ನನ್ನು ಕಾರಿನಿಂದ ಹೊರಗೆ ಕಟ್ಟೆಯ ಮೇಲಿಟ್ಟು, ಫ್ಯಾನು, ಗಾಳಿ ಸೋಸುವ ಡಬ್ಬಿ, ಸೈಲೆನ್ಸರು ಯಾವುದರ ಹೊರೆಯೂ ಇಲ್ಲದೆ ಓಡಿಸಿ ಬಂದದ್ದನ್ನು ಬರೆಯುತ್ತಿದ್ದರು. ಇನ್ನು ಮುಂದೆ ಕಾರಿನಲ್ಲಿ ಇರುವಂತೆಯೇ ಎಲ್ಲವನ್ನೂ ಜೋಡಿಸಿ ಅಳೆಯಬೇಕೆಂದಾಯಿತು. ೧೯೭೧ರ ಪಟ್ಟಿಯಲ್ಲಿ ಎರಡೂ ಅಂಕಿಗಳು ಅಕ್ಕಪಕ್ಕ ಅಚ್ಚಾದವು. ಷೆವೆಲ್ ಕಾರಿನ ೪೫೪ ಘನ ಅಂಗುಲದ ಎಂಜಿನ್ನಿಗೆ ಹಳೆಯ ಕ್ರಮದಲ್ಲಿ ೩೬೫, ಹೊಸ ಕ್ರಮದಲ್ಲಿ ೨೮೫. ಮರುವರ್ಷ ಹಳೆಯ ಅಂಕಿಯನ್ನು ಕೈಬಿಟ್ಟು ೨೭೦ ಎಂದಷ್ಟೇ ಬರೆದರು. ೧೯೭೨ರಲ್ಲಿ ಅಂಗಡಿಗೆ ಹೋದ ಗ್ರಾಹಕನಿಗೆ ಒಂದೇ ವರ್ಷದಲ್ಲಿ ತೊಂಬತ್ತೈದು ಕುದುರೆಗಳು ಓಡಿಹೋದಂತೆ ಕಂಡಿತು. ಅವುಗಳಲ್ಲಿ ನಿಜವಾಗಿ ಹೋದವು ಹದಿನೈದು. ಉಳಿದ ಎಂಬತ್ತು ಹಿಂದೆಯೂ ಆ ಲಾಯದಲ್ಲಿ ಇರಲಿಲ್ಲ.