ಒಂದು ಇಟ್ಟಿಗೆಗೆ ಒಂದು ಯೂನಿಟ್

ಗೂಡಿನಲ್ಲಿ ಬೆಂದು ಕೆಂಪಾದ ಒಂದು ಸಾಮಾನ್ಯ ಇಟ್ಟಿಗೆಯ ಹಿಂದೆ ಸುಮಾರು 4.25 ಮೆಗಾಜೂಲ್ ಶಾಖ ಖರ್ಚಾಗಿರುತ್ತದೆ. ಮೆಗಾಜೂಲ್ ಅಂದರೆ ನಮ್ಮಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದನ್ನೇ ಕರೆಂಟ್ ಬಿಲ್ಲಿನ ಲೆಕ್ಕಕ್ಕೆ ತನ್ನಿ: 3.6 ಮೆಗಾಜೂಲ್ ಸೇರಿದರೆ ಒಂದು ಯೂನಿಟ್. ಹಾಗಾದರೆ ಇಟ್ಟಿಗೆ ಒಂದಕ್ಕೆ ಹತ್ತಿರ ಹತ್ತಿರ 1.2 ಯೂನಿಟ್. 9 ವಾಟಿನ ಎಲ್‌ಇಡಿ ಬಲ್ಬು 130 ಗಂಟೆ ಉರಿದರೂ ಇಷ್ಟು ತಿನ್ನುವುದಿಲ್ಲ. ಮೇಸ್ತ್ರಿ ಮೂಲೆಗೆ ಕೂರಿಸಲೆಂದು ಕರಣೆಯಲ್ಲಿ ಒಂದೇಟು ಕೊಟ್ಟು ಅರ್ಧ ಮಾಡಿ, ಉಳಿದರ್ಧವನ್ನು ಕಸಕ್ಕೆ ಎಸೆಯುತ್ತಾನಲ್ಲ, ಆ ತುಂಡಿನಲ್ಲೂ ಅರ್ಧ ಯೂನಿಟ್ಟಿಗಿಂತ ಹೆಚ್ಚಿದೆ.

ಸಣ್ಣದೊಂದು ಮನೆಗೆ 20,000 ಇಟ್ಟಿಗೆ ಹಿಡಿಯಿತು ಅಂತಿಟ್ಟುಕೊಳ್ಳಿ. 23,600 ಯೂನಿಟ್ ಆಯಿತು. ತಿಂಗಳಿಗೆ 150 ಯೂನಿಟ್ ಬಳಸುವ ಸಂಸಾರಕ್ಕೆ ಇದು 13 ವರ್ಷದ ಕರೆಂಟು. ಪಾಯ, ಸಿಮೆಂಟು, ಕಬ್ಬಿಣ, ಮೋಲ್ಡು, ಕಿಟಕಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಅವನ್ನೂ ಸೇರಿಸಿ ಲೆಕ್ಕ ಹಾಕಿದವರು ಬೆಂಗಳೂರಿನಲ್ಲೇ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಕಟ್ಟಡ ಸಾಮಗ್ರಿಗಳ ಒಡಲಲ್ಲಿರುವ ಶಕ್ತಿಯ ವಿಷಯ ಬಂದಾಗಲೆಲ್ಲ ಇಂದಿಗೂ ಜನ ತಿರುವಿ ನೋಡುವ ಪ್ರಬಂಧ. ಅದರ ಪ್ರಕಾರ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿಯ ಮಾಮೂಲಿ ಎರಡಂತಸ್ತಿನ ಮನೆಯ ಪ್ರತಿ ಚದರ ಮೀಟರಿಗೆ 2.92 ಗಿಗಾಜೂಲ್. ಕಂಬ ತೊಲೆಗಳ ಬಹುಮಹಡಿ ಕಟ್ಟಡದಲ್ಲಿ ಅದು 4.21ಕ್ಕೆ ಏರುತ್ತದೆ. 100 ಚದರ ಮೀಟರಿಗೆ, ಅಂದರೆ ಸುಮಾರು 1,080 ಚದರ ಅಡಿಗೆ, ಗುಣಿಸಿ ನೋಡಿ. ಮಾಮೂಲಿ ಮನೆಗೆ 81,000 ಯೂನಿಟ್. ಅಪಾರ್ಟ್‌ಮೆಂಟಿನ ಅಷ್ಟೇ ಜಾಗಕ್ಕೆ 1,17,000 ಯೂನಿಟ್. ನಮ್ಮ 150 ಯೂನಿಟ್ಟಿನ ಸಂಸಾರ ಇವನ್ನು ಬಳಸಿ ಮುಗಿಸಲು ಮೊದಲನೆಯದಕ್ಕೆ 45 ವರ್ಷ, ಎರಡನೆಯದಕ್ಕೆ 65 ವರ್ಷ ಬೇಕು. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಹೊತ್ತಿಗೆ ಮನೆ ಆಗಲೇ ಒಂದು ತಲೆಮಾರಿನ ಕರೆಂಟು ತಿಂದು ತೇಗಿರುತ್ತದೆ.

ಇಲ್ಲೊಂದು ತಕರಾರಿದೆ, ಅದು ನ್ಯಾಯವಾದದ್ದೂ ಹೌದು. ಗೂಡಿನ ಶಾಖವೂ ಗೋಡೆಯ ಪ್ಲಗ್ಗಿನಲ್ಲಿ ಬರುವ ವಿದ್ಯುತ್ತೂ ಒಂದೇ ತೂಕದವಲ್ಲ. ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರ ಒಂದು ಯೂನಿಟ್ ವಿದ್ಯುತ್ ಕೊಡಬೇಕಾದರೆ ಸುಮಾರು ಮೂರು ಯೂನಿಟ್ ಶಾಖದಷ್ಟು ಕಲ್ಲಿದ್ದಲು ಸುಡಬೇಕು. ಆದ್ದರಿಂದ ಮೇಲಿನ ವರ್ಷಗಳನ್ನೆಲ್ಲ ಮೂರರಿಂದ ಭಾಗಿಸುವುದು ಪ್ರಾಮಾಣಿಕ ಲೆಕ್ಕ. ಭಾಗಿಸಿದರೂ ಮಾಮೂಲಿ ಮನೆಗೆ 15 ವರ್ಷ, ಅಪಾರ್ಟ್‌ಮೆಂಟಿಗೆ 21 ವರ್ಷಕ್ಕಿಂತ ಹೆಚ್ಚು ಉಳಿಯಿತು. ಫ್ರಿಜ್ ಕೊಳ್ಳುವಾಗ ನಕ್ಷತ್ರ ಎಣಿಸುವ ನಾವು ಗೋಡೆ ಏರುವಾಗ ಏನನ್ನೂ ಎಣಿಸುವುದಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲಂತೂ 200 ಯೂನಿಟ್ ಒಳಗಿನ ಎಷ್ಟೋ ಮನೆಗಳಿಗೆ ಬಿಲ್ಲೇ ಸೊನ್ನೆ. ಗೋಡೆಯ ಬಿಲ್ಲಿಗೆ ಅಂಥ ಯೋಜನೆ ಯಾವುದೂ ಇಲ್ಲ.

ಒಂದೊಂದೇ ಸಾಮಗ್ರಿಯನ್ನು ಬಿಡಿಸಿ ನೋಡಿದರೆ ತಲೆ ತಿರುಗುವುದು ಅಲ್ಯೂಮಿನಿಯಂ ಹತ್ತಿರ ಬಂದಾಗ. ಅದೇ ಅಧ್ಯಯನದಲ್ಲಿ ಕೆಜಿ ಒಂದಕ್ಕೆ 237 ಮೆಗಾಜೂಲ್, ಎಂದರೆ 66 ಯೂನಿಟ್. ಹತ್ತು ಕೆಜಿ ತೂಗುವ ಒಂದು ಕಿಟಕಿ ಚೌಕಟ್ಟಿನಲ್ಲಿ 660 ಯೂನಿಟ್, ನಾಲ್ಕು ತಿಂಗಳಿಗೂ ಮಿಕ್ಕಿದ ಕರೆಂಟು. ಕಬ್ಬಿಣಕ್ಕೆ ಕೆಜಿಗೆ 12 ಯೂನಿಟ್. 50 ಕೆಜಿಯ ಸಿಮೆಂಟ್ ಮೂಟೆಗೆ 80 ಯೂನಿಟ್. ಸಿಮೆಂಟಿನ ಅಂಕಿ ಎರಡು ದಶಕದ ಹಿಂದಿನದು, ಹೊಸ ಒಣವಿಧಾನದ ಕಾರ್ಖಾನೆಗಳು ಅದಕ್ಕಿಂತ ಸಾಕಷ್ಟು ಕಡಿಮೆಯಲ್ಲಿ ಸುಧಾರಿಸುತ್ತವೆ.

ಆದರೆ ಸಿಮೆಂಟಿನದು ಬರೀ ಇಂಧನದ ಕಥೆಯಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿಯ ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿಯ ಗೂಡಿಗೆ ಹಾಕಿದಾಗ ಕಲ್ಲೇ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 100 ಕೆಜಿ ಅಪ್ಪಟ ಸುಣ್ಣಕಲ್ಲು ಬೆಂದರೆ 56 ಕೆಜಿ ಸುಣ್ಣ ಕೆಳಗೆ, 44 ಕೆಜಿ ಅನಿಲ ಮೇಲಕ್ಕೆ. ನಾಳೆ ಇಡೀ ಕಾರ್ಖಾನೆಯನ್ನು ಬಿಸಿಲಿನಿಂದಲೇ ನಡೆಸಿದರೂ ಆ 44 ಕೆಜಿ ಹೊರಟೇ ಹೊರಡುತ್ತದೆ. ಜಗತ್ತು ವರ್ಷಕ್ಕೆ ಮಾಡುವ ಸಿಮೆಂಟು ಸುಮಾರು 400 ಕೋಟಿ ಟನ್. 800 ಕೋಟಿ ಜನಕ್ಕೆ ಹಂಚಿದರೆ ತೊಟ್ಟಿಲ ಕೂಸೂ ಸೇರಿ ತಲೆಗೆ ಹತ್ತು ಮೂಟೆ, ಅದೂ ವರ್ಷ ವರ್ಷವೂ. ಇದಿನ್ನೂ ಆರಂಭ. 2060ರ ಹೊತ್ತಿಗೆ ಭೂಮಿಯ ಮೇಲಿನ ಕಟ್ಟಡಗಳ ಒಟ್ಟು ವಿಸ್ತೀರ್ಣ ಇಮ್ಮಡಿಯಾಗುತ್ತದೆ ಎನ್ನುವುದು ತಜ್ಞರ ಅಂದಾಜು. ನಲವತ್ತು ವರ್ಷ ಕಾಲ ಪ್ರತಿ ತಿಂಗಳೂ ಒಂದೊಂದು ನ್ಯೂಯಾರ್ಕ್ ನಗರ ಕಟ್ಟಿದ ಹಾಗೆ.

ಮತ್ತೆ ನಮ್ಮ ಇಟ್ಟಿಗೆಗೆ ಬರೋಣ. ಭಾರತದ ಗೂಡುಗಳು ವರ್ಷಕ್ಕೆ 20,000 ಕೋಟಿಗೂ ಹೆಚ್ಚು ಇಟ್ಟಿಗೆ ಸುಡುತ್ತವೆ ಎನ್ನುತ್ತಾರೆ. ಒಂದಕ್ಕೆ 3 ಕೆಜಿ ಮಣ್ಣು ಎಂದರೂ 60 ಕೋಟಿ ಟನ್. ಈ ಮಣ್ಣನ್ನು ಒಂದು ಮೀಟರ್ ಆಳಕ್ಕೆ ಅಗೆದು ತೆಗೆದರೆ ಸುಮಾರು 350 ಚದರ ಕಿಲೋಮೀಟರ್ ನೆಲ ಬೋಳಾಗುತ್ತದೆ. ಬಿಬಿಎಂಪಿಯ ವ್ಯಾಪ್ತಿ 712 ಚದರ ಕಿಲೋಮೀಟರ್ ಇತ್ತು. ವರ್ಷಕ್ಕೆ ಅರ್ಧ ಬೆಂಗಳೂರು! ಅದರಲ್ಲಿ ಬಹುಪಾಲು ಕೆರೆಯಂಗಳದ, ಹೊಲಗದ್ದೆಗಳ ಮೇಲ್ಮಣ್ಣು. ರಾಗಿ ಭತ್ತ ಬೆಳೆಯಬೇಕಾದ ಮಣ್ಣನ್ನು ಬೇಯಿಸಿ ಕಲ್ಲು ಮಾಡುತ್ತಿದ್ದೇವೆ.

ಬೇಯಿಸದೆಯೇ ಗೋಡೆ ಎಬ್ಬಿಸಬಹುದೇ ಎಂಬ ಪ್ರಶ್ನೆ ಹಿಡಿದು ಕೂತವರೂ ಅದೇ ವಿಜ್ಞಾನ ಸಂಸ್ಥೆಯವರು. 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಶುರು ಮಾಡಿದರು. ಜಗದೀಶ್ ಮತ್ತು ಜೊತೆಗಾರರು ಅಲ್ಲಿ ಮಣ್ಣಿನ ಬ್ಲಾಕನ್ನು ಹದಕ್ಕೆ ತಂದರು. ವಿಧಾನ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕೆಂಪು ಮಣ್ಣನ್ನು ಜರಡಿ ಹಿಡಿದು, ಜೇಡಿ ಹೆಚ್ಚಾಗಿದ್ದರೆ ಮರಳನ್ನೋ ಕ್ರಷರಿನ ಪುಡಿಯನ್ನೋ ಬೆರೆಸಿ, ನೂರಕ್ಕೆ ಆರೇಳು ಪಾಲು ಸಿಮೆಂಟ್ ಹಾಕಿ, ಸ್ವಲ್ಪವೇ ನೀರು ಚಿಮುಕಿಸಿ, ಕೈಯಿಂದ ನಡೆಯುವ ಯಂತ್ರದಲ್ಲಿ ಒತ್ತುವುದು. ಆಮೇಲೆ ಗೋಣಿಚೀಲದಡಿ ಮೂರು ನಾಲ್ಕು ವಾರ ತೇವ. ಬೆಂಕಿ ಎಲ್ಲೂ ಇಲ್ಲ. ಹೀಗೆ ಬಂದ 230 x 190 x 100 ಮಿಲಿಮೀಟರಿನ ಒಂದು ಬ್ಲಾಕು ಗೋಡೆಯಲ್ಲಿ ಎರಡೂವರೆ ಇಟ್ಟಿಗೆಗೂ ಮಿಕ್ಕಿದ ಜಾಗ ತುಂಬುತ್ತದೆ. ಅಷ್ಟು ಜಾಗಕ್ಕೆ ಸುಟ್ಟ ಇಟ್ಟಿಗೆ ಹಿಡಿದರೆ ಮೂರು ಯೂನಿಟ್. ಬ್ಲಾಕಿಗೆ ಮುಕ್ಕಾಲು ಯೂನಿಟ್. ಅದೂ ಬಹುಪಾಲು ಬೆರೆಸಿದ ಆ ಒಂದು ಹಿಡಿ ಸಿಮೆಂಟಿನ ಪಾಲು. ನೀವು ಪಾಯಕ್ಕೂ ಸಂಪಿಗೂ ಅಗೆದು, ದುಡ್ಡು ಕೊಟ್ಟು ಲಾರಿಯಲ್ಲಿ ಸಾಗಹಾಕುವ ಮಣ್ಣಿದೆಯಲ್ಲ, ಒಳ್ಳೆಯದಿದ್ದರೆ ಅದೇ ಗೋಡೆಯಾಗುತ್ತದೆ.

ಈ ಬ್ಲಾಕು, ಹಂಚು ಹುದುಗಿಸಿದ ಚಾವಣಿಯಂಥ ಉಪಾಯಗಳಿಂದ ಕಟ್ಟಿದ ಎರಡಂತಸ್ತಿನ ಮನೆಗೆ ಅಧ್ಯಯನದಲ್ಲಿ ಬಂದ ಅಂಕಿ ಚದರ ಮೀಟರಿಗೆ 1.61 ಗಿಗಾಜೂಲ್. 100 ಚದರ ಮೀಟರಿನ ಮನೆಯಲ್ಲಿ ಉಳಿತಾಯ 36,000 ಯೂನಿಟ್. ಮೂರರಿಂದ ಭಾಗಿಸಿದ ಕಟ್ಟುನಿಟ್ಟಿನ ಲೆಕ್ಕದಲ್ಲೂ ಹತ್ತಿರ ಹತ್ತಿರ ಏಳು ವರ್ಷದ ಕರೆಂಟು. ಹಂಚಿನ ಉಪಾಯ ನನಗೆ ವಿಶೇಷವಾಗಿ ಇಷ್ಟ. ಮೋಲ್ಡಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ ಮಾತ್ರ, ಅಲ್ಲಿನ ಕಾಂಕ್ರೀಟಿನದು ಬರೀ ಭಾರ. ಆ ಜಾಗಕ್ಕೆ ಮಂಗಳೂರು ಹಂಚನ್ನೋ ಮಣ್ಣಿನ ಬ್ಲಾಕನ್ನೋ ಇಟ್ಟರಾಯಿತು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಮನೆಮಾತಾಗಿಸಿದರು. ಹಂಚಿಗೋ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ಇಟ್ಟಂದಿನಿಂದ ನಮ್ಮಲ್ಲಿ ಬರವಿಲ್ಲ.

ಮಣ್ಣಿನ ಮನೆ ಎಂದ ಕೂಡಲೇ 'ತಂಪು, ತಂಪು' ಎಂದು ಹಾಡಿ ಹೊಗಳುವವರ ಗುಂಪಿಗೆ ನಾನು ಸೇರುವುದಿಲ್ಲ. ಅಜ್ಜನ ಕಾಲದ ಗೋಡೆ ತಂಪಾಗಿದ್ದದ್ದು ಅದು ಒಂದೂವರೆ ಎರಡು ಅಡಿ ದಪ್ಪವಿದ್ದುದರಿಂದ. ಒಂಬತ್ತಿಂಚಿನ ಮಣ್ಣಿನ ಬ್ಲಾಕಿಗೂ ಒಂಬತ್ತಿಂಚಿನ ಇಟ್ಟಿಗೆಗೂ ಒಳಗಿನ ಸೆಕೆಯಲ್ಲಿ ಅಂಥ ವ್ಯತ್ಯಾಸ ಕಾಣದು. ಧಾರವಾಡದಾಚೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದಕ್ಕೆ ಸುಣ್ಣ ಬೇಕು, ಅನುಭವಿಗಳೂ ಬೇಕು. ಮಲೆನಾಡಿನ ಮಳೆಗೆ ಎತ್ತರದ ಪಾಯ, ಅಗಲದ ಸೂರು ಇಲ್ಲದೆ ನಡೆಯದು.

ಸೆಕೆ ತಪ್ಪಿಸುವ ಯುದ್ಧ ನಿಜವಾಗಿ ನಡೆಯಬೇಕಾದ್ದು ತಾರಸಿಯಲ್ಲಿ. ಬೆಂಗಳೂರಿನ ಒಂದು ಚದರ ಮೀಟರ್ ತಾರಸಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 5 ಯೂನಿಟ್ಟಿಗೂ ಹೆಚ್ಚು ಬಿಸಿಲು ಬೀಳುತ್ತದೆ. 100 ಚದರ ಮೀಟರಿಗೆ 500 ಯೂನಿಟ್. ಕೆಳಗಿನ ಸಂಸಾರ ದಿನಕ್ಕೆ ಬಳಸುವುದು 5 ಯೂನಿಟ್. ತಲೆಯ ಮೇಲೆ ಬಂದು ಬೀಳುವುದು ಅದರ ನೂರು ಪಟ್ಟು. ಈ ಬಿಸಿಲಿಗೆ ಮೈಯೊಡ್ಡಿರುವ ಐದಿಂಚಿನ ಮೋಲ್ಡು ಸುಮಾರು 30 ಟನ್ ತೂಗುತ್ತದೆ. ಅದು ಬರೀ 10 ಡಿಗ್ರಿ ಕಾದರೂ ಒಳಗೆ 75 ಯೂನಿಟ್ ಶಾಖ ಕೂತಿರುತ್ತದೆ, ಒಂದು ಕಿಲೋವಾಟಿನ ಹೀಟರನ್ನು ಮೂರು ಹಗಲು ಮೂರು ರಾತ್ರಿ ಉರಿಸಿದಷ್ಟು. ಸಂಜೆ ಹೊರಗೆ ಗಾಳಿ ತಣ್ಣಗಾದ ಮೇಲೂ ಕೋಣೆ ಕುದಿಯುವುದಕ್ಕೆ ಕಾರಣ ಇದೇ. ಶಾಖದ ಒಂದು ಪಾಲು ಆಕಾಶಕ್ಕೆ, ಇನ್ನೊಂದು ಪಾಲು ನೇರ ಹಾಸಿಗೆಯ ಮೇಲಕ್ಕೆ. ಒಳ್ಳೆಯ ಬಿಳಿ ಬಣ್ಣ ಹೊಸದಿದ್ದಾಗ ಬಿಸಿಲಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಮರಳಿ ಮೇಲಕ್ಕೆ ಎಸೆಯುತ್ತದೆ. ಬೂದು ಕಾಂಕ್ರೀಟು ಬಹುಪಾಲನ್ನು ನುಂಗಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎಸಿ ಕೊಳ್ಳುವ ಮುನ್ನ ಎರಡು ಕೋಟು ಬಣ್ಣ ಬಳಿಯದಿರುವುದು ನನ್ನ ಮಟ್ಟಿಗೆ ದಡ್ಡತನ.

ಗಾಜಿನ ಗೋಡೆಯ ಬಗ್ಗೆ ಎರಡೇ ಮಾತು. ಪಡುವಣ ದಿಕ್ಕಿಗೆ 10 ಚದರ ಮೀಟರ್ ಸಾದಾ ಗಾಜು ಹಾಕಿಸಿದರೆ ಬೇಸಿಗೆಯ ಸಂಜೆ ನಾಲ್ಕರ ಬಿಸಿಲು ಅದರೊಳಗಿಂದ 5 ಕಿಲೋವಾಟಿಗೂ ಹೆಚ್ಚು ಶಾಖ ತೂರಿಸುತ್ತದೆ. ಒಂದೂವರೆ ಟನ್ನಿನ ಎಸಿ ಹೊರಹಾಕಬಲ್ಲದ್ದು 5.3 ಕಿಲೋವಾಟ್. ಎಂದರೆ ಆ ಎಸಿ ದುಡಿಯುವುದು ಗಾಜಿಗಾಗಿ, ಕೋಣೆಯಲ್ಲಿ ಕೂತವರಿಗೆ ಏನೂ ಉಳಿಯುವುದಿಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ 'ಪ್ಯಾಸಿವ್ ಹೌಸ್', ಅಂದರೆ ಹೀಟರಿನ ಹಂಗು ತೀರ ಕಡಿಮೆಯಿರುವ ಮನೆ, ಕಟ್ಟಿದವರಿಗೆ ಬಿಸಿಲನ್ನು ಒಳಗೆ ಕರೆಯುವ ಅಗತ್ಯವಿತ್ತು. ಅವರ ಚಳಿಗಾಲಕ್ಕೆ ತಕ್ಕ ಬುದ್ಧಿ ಅದು. ಅಲ್ಲಿನ ಗೋಡೆ ಎಷ್ಟು ಬಿಗಿಯೆಂದರೆ ಮನೆ ಬೆಚ್ಚಗಿಡಲು ಚದರ ಮೀಟರಿಗೆ 10 ವಾಟ್ ಶಾಖ ಸಾಕು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ನೂರು ವಾಟ್ ಹೊರಡುತ್ತದೆ. ನಮಗೆ ಬೇಕಿರುವುದು ಸಜ್ಜಾ. ಬೆಂಗಳೂರಿನಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಎತ್ತರದಲ್ಲಿರುತ್ತಾನೆ, ಆದ್ದರಿಂದ ತೆಂಕಣ ಕಿಟಕಿಯ ಮೇಲಿನ ಎರಡಡಿ ಸಜ್ಜಾ ಆಗಲೂ ಎರಡೂವರೆ ಅಡಿಗಿಂತ ಹೆಚ್ಚು ನೆರಳು ಚೆಲ್ಲುತ್ತದೆ.

ಬಚ್ಚಲಿನ ಲೆಕ್ಕ ಇವೆಲ್ಲಕ್ಕಿಂತ ವಿಚಿತ್ರ. 20 ಡಿಗ್ರಿಯ ಒಂದು ಬಕೆಟ್ ನೀರನ್ನು 41 ಡಿಗ್ರಿಗೆ ಕಾಯಿಸುವ ಶಕ್ತಿಯಲ್ಲಿ ಅದೇ ಬಕೆಟ್ಟಿನ ನೀರನ್ನು ಸುಮಾರು 8,900 ಮೀಟರ್ ಮೇಲಕ್ಕೆ ಎತ್ತಬಹುದು. ಎವರೆಸ್ಟ್ 8,849 ಮೀಟರ್. ದಿನಾ ಬೆಳಿಗ್ಗೆ ಗೀಸರ್ ಒತ್ತುವ ನಾಲ್ಕು ಜನರ ಮನೆ ನಾಲ್ಕು ಬಕೆಟ್ ನೀರನ್ನು ಎವರೆಸ್ಟಿಗೆ ಹೊತ್ತ ಹಾಗಾಯಿತು. ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ನೀರಿನ ತೊಟ್ಟಿಗಳು ಈ ಹೊರೆಯನ್ನು ಸದ್ದಿಲ್ಲದೆ ಹೊರುತ್ತಿವೆ. ಕರೆಂಟು ಕೊಡುವ ಫಳಫಳ ಸೌರಫಲಕಗಳಿಗೆ ಸಿಗುವ ಹೊಗಳಿಕೆ ಅವಕ್ಕೆ ಸಿಗುವುದಿಲ್ಲ, ಪಾಪ. ಫಲಕಗಳ ಮೇಲೆ ನನಗೇನೂ ಸಿಟ್ಟಿಲ್ಲ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ, ಪಡೆಯಿರಿ. ಆದರೆ ಬೇಕಾದ್ದಕ್ಕಿಂತ ಅರ್ಧದಷ್ಟು ಹೆಚ್ಚು ಕಬ್ಬಿಣ, ಸಿಮೆಂಟು ಸುರಿದು ಕಟ್ಟಿ, ಮೇಲೆ ನಾಲ್ಕು ಫಲಕ ಹೊದಿಸಿದ ಮನೆಗೆ 'ಹಸಿರು ಮನೆ' ಎಂಬ ಫಲಕ ನೇತುಹಾಕುವುದು ನಗೆಪಾಟಲು.

ಮನೆ ಕಟ್ಟಿಸುವ ಯೋಚನೆಯಿದ್ದರೆ ಗುತ್ತಿಗೆದಾರರ ಅಂದಾಜುಪಟ್ಟಿ ಕೈಗೆ ಬಂದ ದಿನ ಒಂದು ಕೆಲಸ ಮಾಡಿ. ಇಟ್ಟಿಗೆಯ ಸಂಖ್ಯೆಯನ್ನು 1.2ರಿಂದ, ಸಿಮೆಂಟ್ ಮೂಟೆಗಳನ್ನು 80ರಿಂದ, ಕಬ್ಬಿಣದ ಕೆಜಿಗಳನ್ನು 12ರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಬಂದ ಮೊತ್ತವನ್ನು ಮೊದಲು ಮೂರರಿಂದ, ಆಮೇಲೆ ನಿಮ್ಮ ತಿಂಗಳ ಯೂನಿಟ್ಟಿನಿಂದ ಭಾಗಿಸಿ, ಅದು ಎಷ್ಟು ತಿಂಗಳ ಕರೆಂಟು ಎಂಬುದು ಸಿಗುತ್ತದೆ. ಆ ಚೀಟಿಯನ್ನು ಎಂಜಿನಿಯರ್ ಮುಂದಿಟ್ಟು, ಯಾವುದನ್ನು ಎಷ್ಟು ಇಳಿಸಬಹುದು ಎಂದು ಕೇಳಿ. ಪಾಯ ತೋಡುವ ಮೊದಲೇ ಕೇಳಿ.