ಅ ಆ ಬಾರದ ಮಗು ‘ಗರಗಸ’ ಓದಿದಾಗ

ಒಂದನೇ ತರಗತಿಗೆ ಸೇರಿ ಕೆಲವು ತಿಂಗಳಾದ ಮಗುವನ್ನು ಸಂಜೆ ಕೂರಿಸಿಕೊಂಡು ‘ಅ ಆ ಇ ಈ ಹೇಳು, ನೋಡೋಣ’ ಅಂದರೆ ಅದು ‘ಅ’ ಅಂದು ತಡವರಿಸಬಹುದು. ಮನೆಯವರ ಎದೆ ಧಸಕ್ಕೆನ್ನುತ್ತದೆ. ‘ಸ್ಕೂಲಲ್ಲಿ ಏನೂ ಹೇಳಿಕೊಡಲ್ಲ’ ಎಂಬ ಮಾತು ಅಲ್ಲೇ ಹೊರಡುತ್ತದೆ, ಅದೂ ಮಗುವಿನ ಎದುರಿಗೇ. ಅದೇ ಮಗುವಿನ ಮುಂದೆ ಸ್ಲೇಟಿನ ಮೇಲೆ ‘ಗರಗಸ’ ಎಂದು ಬರೆದಿಡಿ. ಬೆರಳಿಟ್ಟು ಓದಿಬಿಟ್ಟರೆ ಆಶ್ಚರ್ಯವಿಲ್ಲ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯಲ್ಲಿ ಕನ್ನಡ ಶುರುವಾಗುವುದು ವರ್ಣಮಾಲೆಯ ಸಾಲಿನಿಂದಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಇವುಗಳ ತಿರುವು ಪುಟ್ಟ ಕೈಗೆ ಒಗ್ಗುತ್ತದೆ. ಇಷ್ಟೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ಅ ಆ ಇ ಈ ಉ ಕಲಿತ ಮಗುವಿಗಾದರೋ ‘ಆ’, ‘ಈ’ ಬಿಟ್ಟರೆ ಓದುವುದಕ್ಕೆ ಪದವೇ ಸಿಗುವುದಿಲ್ಲ. ವರ್ಣಮಾಲೆ ಬೇಡವೆಂದಲ್ಲ, ಅದು ಆಮೇಲೆ ಬರುತ್ತದೆ. ಓದಿದ್ದು ಅರ್ಥವಾಯಿತು ಎಂಬ ಸಂತೋಷ ಮೊದಲು ಸಿಗಲಿ ಎಂಬುದು ಈ ಕ್ರಮದ ಹಿಂದಿನ ಲೆಕ್ಕ.

ನಲಿ-ಕಲಿ ಪದ್ಧತಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಡು ಆಧಾರಿತ ಕಲಿಕೆಯನ್ನು ನೋಡಿಬಂದ ಶಿಕ್ಷಕರು ಅದನ್ನು ಇಲ್ಲಿಗೆ ಹೊಂದಿಸಿಕೊಂಡರು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು. ಕಲಿಯಬೇಕಾದದ್ದೆಲ್ಲ ಏಣಿಯ ಮೆಟ್ಟಿಲುಗಳಾಗಿ ಜೋಡಿಸಲ್ಪಟ್ಟಿರುತ್ತದೆ. ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಎಂದು ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಭಾಗಶಃ, ಮತ್ತೆ ಕೆಲವಲ್ಲಿ ಸಹಪಾಠಿಗಳ ನೆರವು, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮನೆಯ ಪ್ರೋತ್ಸಾಹ ಎಂದರೆ ಸಂಜೆ ಇನ್ನೊಂದು ಶಾಲೆ ತೆರೆಯುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲಿ ಒಂದು ಕ್ರಮ, ಇಲ್ಲಿ ಇನ್ನೊಂದು ಕ್ರಮವಾದರೆ ಐದಾರು ವರ್ಷದ ಮಗು ಯಾರನ್ನು ನಂಬಬೇಕು? ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ಮಗುವಿನಿಂದಲೇ ಕೇಳಿ ತಿಳಿಯುವುದು ಎಷ್ಟೋ ಮೇಲು. ‘ಇವತ್ತು ಏನು ಕಲಿತೆ?’ ಎಂದರೆ ‘ಏನಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಯಾವ ತಟ್ಟೆಯಲ್ಲಿ ಕೂತಿದ್ದೆ? ನಿನ್ನ ಕಾರ್ಡಲ್ಲಿ ಯಾವ ಚಿತ್ರ ಇತ್ತು? ಪಕ್ಕದಲ್ಲಿ ಯಾರಿದ್ದರು, ಅವರಿಗೆ ನೀನು ಏನು ತೋರಿಸಿಕೊಟ್ಟೆ?’ ಎಂದು ಕೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ. ಹಾಗೆ ಹೇಳುತ್ತಾ ಹೇಳುತ್ತಾ ಮಗು ಕಲಿತದ್ದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತದೆ.

ಓದುಬರಹ ಬಾರದ ತಂದೆತಾಯಿ ‘ನಮ್ಮಿಂದೇನಾಗುತ್ತೆ’ ಎಂದು ಹಿಂಜರಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ರೊಟ್ಟಿ ತಟ್ಟುತ್ತಾ ‘ನನಗೆ ಓದೋಕೆ ಬರಲ್ಲ, ನೀನೇ ಓದಿ ಹೇಳು ಮಗಾ’ ಎನ್ನುವ ತಾಯಿ ತನ್ನ ಮಗುವಿಗೆ ದೊಡ್ಡ ಗೌರವ ಕೊಡುತ್ತಿದ್ದಾಳೆ. ಹಾಗೆಯೇ ಚೌಕಾಬಾರದಲ್ಲಿ ಎಂಟು ಬಿದ್ದಾಗ ಕಾಯಿಯನ್ನು ಮನೆಮನೆ ಎಣಿಸಿ ನಡೆಸಲು ಮಗುವಿಗೇ ಬಿಟ್ಟ ಅಜ್ಜಿ ಗಣಿತದ ಪಾಠಕ್ಕೆ ಒತ್ತಾಸೆಯಾಗಿದ್ದಾಳೆ.

ಹೊಗಳಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಮೆರಿಕದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧ. ಐದನೇ ತರಗತಿಯ ಮಕ್ಕಳು ಒಗಟಿನಂಥ ಲೆಕ್ಕಗಳನ್ನು ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟಿದ್ದೀಯ’ ಎಂದೂ ಹೇಳಲಾಯಿತು. ಮುಂದೆ ಕಷ್ಟದ ಲೆಕ್ಕಗಳಲ್ಲಿ ಸೋತಾಗ ಬುದ್ಧಿವಂತ ಅನ್ನಿಸಿಕೊಂಡವರ ಉತ್ಸಾಹ ಕುಗ್ಗಿತು. ಆಮೇಲೆ ಮೊದಲಿನಷ್ಟೇ ಸುಲಭದ ಲೆಕ್ಕ ಕೊಟ್ಟರೂ ಮೊದಲಿನಷ್ಟು ಮಾಡಲಾಗಲಿಲ್ಲ. ಶ್ರಮಕ್ಕೆ ಮೆಚ್ಚುಗೆ ಪಡೆದವರು ಪಟ್ಟು ಬಿಡದೆ ಮುಂದುವರಿದರು. ಆ ಮಕ್ಕಳು ನಮ್ಮ ಒಂದನೇ ತರಗತಿಯವರಿಗಿಂತ ದೊಡ್ಡವರು, ನಿಜ. ಆದರೂ ‘ಜಾಣಮರಿ’ ಎಂದು ಮುದ್ದಿಸಿ ಸುಮ್ಮನಾಗುವ ಬದಲು ‘ಗ ಬರೆಯುವಾಗ ಎರಡು ಸಲ ಅಳಿಸಿ ಸರಿಮಾಡಿಕೊಂಡೆಯಲ್ಲ, ನೋಡಿದೆ’ ಎನ್ನುವುದು ನನಗೆ ಸರಿ ಕಾಣುತ್ತದೆ. ನಾವು ನಿಜಕ್ಕೂ ನೋಡಿದ್ದೇವೆ ಎಂದು ಮಗುವಿಗೆ ಗೊತ್ತಾಗುತ್ತದೆ. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ಅವನ ಮೆಟ್ಟಿಲು ಬೇರೆ.

ಶಾಲೆಗೆ ಹೋಗಿ ವಿಚಾರಿಸಲು ಸಂಕೋಚ ಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಪೋಷಕರ ಸಭೆಯನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಕೆ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. ಆ ದಿನ ಕೂಲಿ ತಪ್ಪುತ್ತದೆ ಎನ್ನುವವರು ಮನೆಯ ಇನ್ನೊಬ್ಬ ಹಿರಿಯರನ್ನಾದರೂ ಕಳಿಸಲಿ. ಅಲ್ಲಿ ಅಂಕ ಕೇಳುವ ಬದಲು ‘ಏಣಿಯಲ್ಲಿ ನಮ್ಮ ಮಗು ಎಲ್ಲಿದೆ, ಯಾವ ಮೆಟ್ಟಿಲಲ್ಲಿ ತಡೆಯುತ್ತಿದೆ?’ ಎಂದು ಕೇಳಿ. ಮಗು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅದೇ ಕೈಹಿಡಿದು ಕರೆದುಕೊಂಡು ಹೋಗಿ ತನ್ನ ಕಾರ್ಡನ್ನು ತೋರಿಸುತ್ತದೆ.